ಬ್ಯಾಂಡ್ ಒಡೆದ್ರೆ ಸೂತಕ ಇರಲ್ಲ

ಇದು ನನ್ ಹತ್ರ ಕೌನ್ಸೆಲಿಂಗ್‌ಗೆ ಬರೋ ಒಬ್ಬ ಬ್ಯಾಂಡ್ ಹಾಡುಗಾರ್ತಿ ಕತೆ. ಬರೆಯೋಕೆ ಆ ಹುಡುಗಿನೇ ಒಪ್ಪಿದಾಳೆ, ಬರೆದಾದ್ಮೇಲೆ ಓದಿ ಎರಡು ಕಡೆ "ಇದು ಬೇಡ ಮೇಡಂ" ಅಂತ ತೆಗೆಸಿನೂ ಇದಾಳೆ. ಗುರುತು ಸಿಗೋ ಅಂಥ ವಿವರ ಎಲ್ಲ ಬದಲಾಯಿಸಿದೀನಿ, ಹಾಗಾಗಿ ಇದು ಯಾವ ಬ್ಯಾಂಡ್ ಅಂತ ಹುಡುಕೋಕೆ ಹೋಗ್ಬೇಡಿ, ಸಿಗಲ್ಲ.

ನನ್ ಹತ್ರ ಬಂದಾಗ ಅವಳಿಗೆ 29. ಬಂದಿದ್ದು ಮನಸ್ಸು ಸರಿಯಿಲ್ಲ ಅಂತ ಅಲ್ಲ, ಗಂಟಲು ಸರಿಯಿಲ್ಲ ಅಂತ. ಇಎನ್‌ಟಿ ಡಾಕ್ಟ್ರು ಕ್ಯಾಮೆರಾ ಬಿಟ್ಟು ನೋಡಿ ಏನೂ ತೊಂದ್ರೆ ಇಲ್ಲ ಅಂದಿದ್ರು, ಆಮೇಲೆ ಇಲ್ಲೇ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಹೋದ್ರೆ ಅಲ್ಲಿ ಕತ್ತು ದವಡೆ ಎಲ್ಲ ಬಿಗಿ ಹಿಡ್ಕೊಂಡಿದೀರಿ, ಈ ವ್ಯಾಯಾಮ ಮಾಡಿ, ಜೊತೆಗೆ ಒಬ್ರು ಕೌನ್ಸೆಲರ್‌ನ ನೋಡಿ ಅಂದ್ರಂತೆ. ನನ್ ಮುಂದೆ ಕೂತು ಮುಕ್ಕಾಲು ಗಂಟೆ ಸಲೀಸಾಗಿ ಮಾತಾಡಿದ್ಲು, ಗಂಟಲು ಕಟ್ಟಲೇ ಇಲ್ಲ. ಅಡುಗೆಮನೇಲಿ ಸಿನಿಮಾ ಹಾಡು ಗುನುಗಿದ್ರೆ ಬರುತ್ತಾ ಅಂತ ಕೇಳ್ದೆ, ಬರುತ್ತೆ ಅಂದ್ಲು. ದೇವರನಾಮ? ಅದೂ ಬರುತ್ತೆ. ಮತ್ತೆ ಬರದೇ ಇರೋದು ಯಾವ್ದಮ್ಮ ಅಂದ್ರೆ ಸ್ವಲ್ಪ ಹೊತ್ತು ಸುಮ್ನಿದ್ದು "ನಮ್ ಬ್ಯಾಂಡ್ ಹಾಡು" ಅಂದ್ಲು. ನಮ್ ಅಂದ್ಲು, ಬ್ಯಾಂಡ್ ಒಡೆದು ಆಗ್ಲೇ ಎಂಟು ತಿಂಗಳಾಗಿತ್ತು.

2008ರಲ್ಲಿ ರಘು ದೀಕ್ಷಿತ್ ಆಲ್ಬಮ್ ಬಂದ್ಮೇಲೆ ಗಿಟಾರ್ ಹಿಡ್ಕೊಂಡು ಷರೀಫಜ್ಜನ ಪದ ಹಾಡೋ ಹುಡುಗರು ನಮ್ಮೂರಲ್ಲಿ ಗಲ್ಲಿಗೊಬ್ರು. ಇವರದ್ದೂ ಅಂಥದ್ದೇ ಒಂದು, ಆದ್ರೆ ಸ್ವಲ್ಪ ಬೇರೆ. ಗಿಟಾರ್, ಬೇಸ್, ಡ್ರಮ್ಸ್, ಇವಳ ಗಂಟಲು, ಜೊತೆಗೆ ಕೊಳ್ಳೇಗಾಲದ ಕಡೆಯ ಒಬ್ಬ ನೀಲಗಾರರ ಹುಡುಗ, ತಂಬೂರಿ ಗಗ್ಗರ ಹಿಡಿದು ಮಂಟೇಸ್ವಾಮಿ ಪದ ಹಾಡೋನು. ಮೊದಲ ಶೋದಿಂದ ಕೊನೆ ಶೋಗೆ 19 ತಿಂಗಳು. 31 ಶೋ. ಐದು ಹಾಡಿನ ಒಂದು ರೆಕಾರ್ಡಿಂಗ್ ಹೊರಗೆ ಬಂತು, ಎರಡನೇದು ಅರ್ಧಕ್ಕೆ ನಿಂತಿದೆ, ಡ್ರಮ್ಸ್ ಬೇಸ್ ಗಿಟಾರ್ ಎಲ್ಲ ಆಗಿದೆ, ವಾಯ್ಸ್ ಒಂದು ಬಾಕಿ. ಈ ಬ್ಯಾಂಡ್‌ಗಳ ಜೀವನ ನವೆಂಬರ್‌ ಮೇಲೆ ನಿಂತಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ, ರಾಜ್ಯೋತ್ಸವ ತಿಂಗಳು ಪೂರ್ತಿ ಅಪಾರ್ಟ್‌ಮೆಂಟ್ ಕನ್ನಡ ಸಂಘ, ಐಟಿ ಕಂಪನಿ, ಆಮೇಲೆ ಮಾರ್ಚ್‌ವರೆಗೆ ಕಾಲೇಜ್ ಫೆಸ್ಟು, ಏಪ್ರಿಲ್‌ಗೆ ಪರೀಕ್ಷೆ ಶುರುವಾದ್ರೆ ಗಣೇಶನ ಹಬ್ಬದವರೆಗೂ ಉಪವಾಸ.

ಒಡೆದಿದ್ದು ಹೇಗೆ ಅಂದ್ರೆ, ಬೆಂಗಳೂರಲ್ಲಿ ರೆಕಾರ್ಡ್ ಮಾಡಿಸ್ತಿದ್ದವರೊಬ್ರು ಇವಳನ್ನ ಪಕ್ಕಕ್ಕೆ ಕರೆದು ಬ್ಯಾಂಡ್ ಬಿಡಿ, ನಿಮ್ಮೊಬ್ರ ಹೆಸರಲ್ಲೇ ಮಾಡೋಣ ಅಂದ್ರು. ಇವಳು ಹೂಂ ಅಂದ್ಲು, ಶೋ ಮುಗಿಸಿ ಟಿಟಿಲಿ ವಾಪಸ್ ಬರ್ತಾ ಮದ್ದೂರು ದಾಟಿದ್ಮೇಲೆ ಹೇಳಿದ್ಲು, ಯಾರೂ ಏನೂ ಅನ್ಲಿಲ್ಲ. ಮೈಸೂರು ಬರೋವರೆಗೂ ಡ್ರೈವರ್ ಹಾಕಿದ್ದ ಹಾಡೇ ಕೇಳ್ಕೊಂಡು ಬಂದ್ರಂತೆ. ಎರಡು ತಿಂಗಳಲ್ಲಿ ಆ ಸೋಲೋ ಮಾತೂ ತಣ್ಣಗಾಯ್ತು.

ಅವಳಮ್ಮ ಒಂದಿನ ಜೊತೆಗೆ ಬಂದಿದ್ರು. "ಮದುವೆಗೆ ಮುಂಚೆನೇ ಮುಗೀತಲ್ಲ ಮೇಡಂ, ಒಳ್ಳೇದೇ ಆಯ್ತು" ಅಂದ್ರು, ಕೆಟ್ಟ ಮನಸ್ಸಿಂದ ಏನಲ್ಲ. ಕೆನೆತ್ ಡೋಕಾ ಅನ್ನೋ ಅಮೆರಿಕದ ತಜ್ಞರು 1989ರಲ್ಲಿ ಇಂಥ ದುಃಖದ ಬಗ್ಗೆನೇ ಬರೆದ್ರು, ಸಮಾಜ ಇದು ದುಃಖ ಅಂತ ಒಪ್ಪೋದೇ ಇಲ್ಲ, ಹಾಗಾಗಿ ಅಳೋಕೂ ಹಕ್ಕಿರಲ್ಲ ಅಂತ. ನಾನು ಆ ಅಮ್ಮನಿಗೆ ಡೋಕಾ ಗೀಕಾ ಹೇಳ್ಲಿಲ್ಲ. ನಿಮ್ಮನೇಲಿ ಯಾರಾದ್ರೂ ಹೋದ್ರೆ ಹನ್ನೊಂದು ದಿನ ಜನ ಬಂದು ಕೂರ್ತಾರಲ್ಲಮ್ಮ, ಇವಳಿಗೆ ಯಾರೂ ಬಂದು ಕೂರ್ಲಿಲ್ಲ, ಅಷ್ಟೇ ಅಂದೆ. ಆಯಮ್ಮ ಸೆರಗು ಸರಿ ಮಾಡ್ಕೊಂಡು ಸುಮ್ನಾದ್ರು, ಮುಂದಿನ ಸಲದಿಂದ ಒಳ್ಳೇದಾಯ್ತು ಅನ್ನೋ ಮಾತು ಎತ್ತಲಿಲ್ಲ.

ಮೂರನೇ ಸೆಷನ್‌ನಲ್ಲಿ ಮೊಬೈಲ್ ತೆಗೆದು ಒಂದು ಹಳೇ ಫೋಟೋ ತೋರಿಸಿದ್ಲು. ಫೋದರಿಂಗೇ ಅಂತ ಇಂಗ್ಲೆಂಡಿನ ಬ್ಯಾಂಡು, ಹಾಡೋಳು ಸ್ಯಾಂಡಿ ಡೆನ್ನಿ. ನಾನು ಕೇಳೇ ಇರ್ಲಿಲ್ಲ, ಅವಳೇ ಹೇಳಿದ್ದು, ಆಮೇಲೆ ನಾನೂ ಓದ್ಕೊಂಡೆ. ಡೆನ್ನಿ ಫೇರ್‌ಪೋರ್ಟ್ ಕನ್ವೆನ್ಷನ್ ಅನ್ನೋ ದೊಡ್ಡ ಫೋಕ್ ರಾಕ್ ಗುಂಪಲ್ಲಿದ್ದೋಳು, 1969ರ ಕೊನೇಲಿ ಅದನ್ನ ಬಿಟ್ಟು 1970ರಲ್ಲಿ ಟ್ರೆವರ್ ಲ್ಯೂಕಸ್ ಜೊತೆ ಸೇರಿ ಇದನ್ನ ಕಟ್ಟಿದ್ಲು. ಅವನು ಆಸ್ಟ್ರೇಲಿಯಾದೋನು, ಮುಂದೆ ಅವಳ ಗಂಡ. ಜೆರ್ರಿ ಡೊನಾಹ್ಯೂ, ಪ್ಯಾಟ್ ಡೊನಾಲ್ಡ್‌ಸನ್, ಗೆರ್ರಿ ಕಾನ್ವೇ ಸೇರಿ ಐದು ಜನ. ಸ್ಕಾಟ್‌ಲೆಂಡಿನ ರಾಣಿ ಮೇರಿನ ಸೆರೆ ಇಟ್ಟು 1587ರಲ್ಲಿ ತಲೆ ಕಡಿದ ಕೋಟೆ ಬಗ್ಗೆ ಡೆನ್ನಿ ಒಂದು ಹಾಡು ಬರೆದಿದ್ಲು, ಅದ್ರದ್ದೇ ಹೆಸರು ಬ್ಯಾಂಡ್‌ಗೆ. ಒಂದು ಆಲ್ಬಮ್ ಬಂತು. ಸೌಂಡ್ ಸಿಸ್ಟಮ್ ಎಷ್ಟು ದೊಡ್ಡದು ತಗೊಂಡ್ರು ಅಂದ್ರೆ ಅದಕ್ಕೆ ಸ್ಟೋನ್‌ಹೆಂಜ್ ಅಂತ, ಇಂಗ್ಲೆಂಡಲ್ಲಿ ದೊಡ್ಡ ದೊಡ್ಡ ಕಲ್ಲು ನಿಲ್ಲಿಸಿರೋ ಆ ಪುರಾತನ ಜಾಗದ ಅಡ್ಡಹೆಸರು ಬಿತ್ತು, ದುಡ್ಡೆಲ್ಲ ಅಂಥದ್ದಕ್ಕೇ ಹೋಯ್ತು. ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ಶೋ ಇಟ್ಕೊಂಡ್ರೆ ಇವರಿಗಿಂತ ಮುಂಚೆ ಹಾಡೋಕೆ ಬಂದ ಎಲ್ಟನ್ ಜಾನ್ ಅನ್ನೋ ಹೊಸ ಹುಡುಗ ಸಭೆನೇ ಎತ್ಕೊಂಡು ಹೋದ. ಅತ್ತ ಪ್ರೊಡ್ಯೂಸರ್ ಜೋ ಬಾಯ್ಡ್‌ಗೆ ಅವಳೊಬ್ಳೇ ಹಾಡ್ಬೇಕು ಅಂತ ಆಸೆ. 1971ರ ಜನವರೀಲಿ ಎರಡನೇ ಆಲ್ಬಮ್ ಅರ್ಧದಲ್ಲಿರುವಾಗ್ಲೇ ಬ್ಯಾಂಡ್ ಮುಗೀತು, ಬಾಯ್ಡ್ ಅಮೆರಿಕಾಗೆ ಕೆಲಸಕ್ಕೆ ಹೋಗ್ಬಿಟ್ಟ.

ಕತೆ ಎಷ್ಟು ಹೊಂದುತ್ತೆ ನೋಡಿ, ಅವಳು ಅದಕ್ಕೇ ಅಂಟ್ಕೊಂಡಿದ್ದು. ಇಲ್ಲಿ ನಾನೊಂದು ತಪ್ಪು ಮಾಡ್ದೆ. ಧೈರ್ಯ ತುಂಬೋ ಅವಸರದಲ್ಲಿ "ಆಮೇಲೂ ಆಕೆ ಒಬ್ಳೇ ನಾಲ್ಕು ಆಲ್ಬಮ್ ಮಾಡಿದ್ಲಲ್ಲ" ಅಂತ ಬಾಯಿಬಿಟ್ಟೆ. ಅವಳು ನನ್ನನ್ನೇ ನೋಡಿ "31ಕ್ಕೆ ಸತ್ತೂ ಹೋದ್ಲಲ್ಲ ಮೇಡಂ" ಅಂದ್ಲು.

ಇಂಥ ಮಾತು ಬಂದಾಗ ಕೇಳಿಸದ ಹಾಗೆ ದಾಟ್ಕೊಂಡು ಹೋಗೋ ಹಾಗಿಲ್ಲ. ಸಾಯ್ಬೇಕು ಅಂತ ಅನ್ಸಿದ್ಯಾ, ಹೇಗೆ ಅಂತ ಯೋಚನೆ ಮಾಡಿದೀರಾ ಅಂತ ನೇರವಾಗೇ ಕೇಳ್ದೆ. ಇಲ್ಲ ಮೇಡಂ, ಸಾಯೋದಲ್ಲ, ಕುಡಿಯೋದು ಜಾಸ್ತಿ ಆಗಿದೆ, ವಾರಕ್ಕೆ ನಾಲ್ಕು ದಿನ, ಅಮ್ಮಂಗೆ ಗೊತ್ತಿಲ್ಲ ಅಂದ್ಲು. ಡೆನ್ನಿಗೂ ಕುಡಿತ ಹೆಚ್ಚಾಗಿತ್ತು, ಬಿದ್ದು ತಲೆಗೆ ಪೆಟ್ಟಾಗಿ 1978ರ ಏಪ್ರಿಲ್ 21ಕ್ಕೆ ತೀರ್ಕೊಂಡ್ಲು, ಇವಳು ಅದನ್ನೆಲ್ಲ ರಾತ್ರಿ ಕೂತು ಓದಿದಾಳೆ. ಅವತ್ತೇ ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಅವಳ ಫೋನಲ್ಲಿ ಸೇವ್ ಮಾಡಿಸ್ದೆ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ ಅಂತ ಹೇಳಿ. ಕುಡಿತ ಹತೋಟಿಗೆ ಬರೋಕೆ ಎರಡೂವರೆ ತಿಂಗಳು ಹಿಡೀತು, ಅದರದ್ದೇ ಬೇರೆ ಕತೆ, ಇಲ್ಲಿ ಬೇಡ.

ಫೋದರಿಂಗೇ ಕತೇಲಿ ನಂಗೆ ಹಿಡಿಸಿದ ಭಾಗ ಬೇರೇನೇ. ಆ ಅರ್ಧಕ್ಕೆ ನಿಂತ ಎರಡನೇ ಆಲ್ಬಮ್ ಇತ್ತಲ್ಲ, ಡೆನ್ನಿ ಹೋಗಿ, ಲ್ಯೂಕಸ್ 1989ರಲ್ಲಿ ಹೋಗಿ, ಎಷ್ಟೋ ವರ್ಷದ ಮೇಲೆ ಉಳಿದ ಮೂರು ಜನ ಹಳೇ ಟೇಪ್ ಹುಡುಕಿ ಕೂತು ಮುಗಿಸಿ 2008ರಲ್ಲಿ ಹೊರಗೆ ತಂದ್ರು. 37 ವರ್ಷ. ಅವಳಿಗೆ ಇದನ್ನ ಹೇಳಿ, ನಿಮ್ಮಲ್ಲಿ ಐದೂ ಜನ ಬದುಕಿದೀರಿ, ಎಲ್ಲರ ನಂಬರೂ ಇದೆ, ಮುಗೀದೇ ಇರೋದು ಏನೇನಿದೆ ಅಂತ ಪಟ್ಟಿ ಮಾಡೋಣ ಅಂದೆ. ಮತ್ತೆ ಬ್ಯಾಂಡ್ ಕಟ್ಟಿ ಅಂತ ಅಲ್ಲ, ಅದನ್ನ ನಾನು ಯಾವತ್ತೂ ಹೇಳ್ಲಿಲ್ಲ.

ಮೊದಲು ದುಡ್ಡು. ಇವರಿಗೂ ಒಂದು ಸ್ಟೋನ್‌ಹೆಂಜ್ ಇತ್ತು, ಸ್ಪೀಕರ್, ಮಿಕ್ಸರ್ ಅಂತ 3 ಲಕ್ಷ 40 ಸಾವಿರದ ಸಾಮಾನು, ಸಾಲ ಇವಳ ಹೆಸರಲ್ಲಿ, ತಿಂಗಳ 5ನೇ ತಾರೀಕು 11,300 ಕಟ್ ಆಗುತ್ತೆ. ಬ್ಯಾಂಡ್ ಇಲ್ಲ, ಇಎಂಐ ಇದೆ. 31 ಶೋದ ಲೆಕ್ಕನೂ ಒಂದು ಬುಕ್ಕಲ್ಲಿ ಬರೆದು ತನ್ನಿ, ಯಾರಿಗೆ ಎಷ್ಟು ಹೋಯ್ತು ಅಂತ ಅಂದೆ, ಉಳಿದವರ ಹತ್ರ ಪಾಲು ಕೇಳೋಕೆ ಒಂದು ಆಧಾರ ಇರ್ಲಿ ಅಂತ, ಬೇರೆ ಉದ್ದೇಶ ಏನಿರ್ಲಿಲ್ಲ. ಇನ್ನೂರು ಪುಟದ ಲಾಂಗ್ ಬುಕ್ ತಂದ್ಲು, ಸ್ಕೇಲ್ ಇಟ್ಟು ಗೆರೆ ಎಳೆದಿದ್ಲು, ಓದೋಕೆ ಶುರು ಮಾಡಿದ್ಲು. ಒಂದು ಶೋಗೆ 45 ಸಾವಿರ, ಟಿಟಿ ಬಾಡಿಗೆ, ಸೌಂಡ್ ಇಂಜಿನಿಯರ್ ಕಳೆದು ನಾಲ್ಕು ಪಾಲು. ಕೊನೇ ಕಾಲಮ್‌ನಲ್ಲಿ "ತಂ. 2000". ಮುಂದಿನ ಸಾಲು "ತಂ. 2000". "ತಂ. 1500". ನಾಲ್ಕನೇ ಸಾಲಿಗೆ ಬಂದಾಗ ಮಾತು ನಿಂತೋಯ್ತು. ಹಾಡಲ್ಲ, ಮಾತು. ನನ್ ಮುಂದೆ ಅವಳ ಗಂಟಲು ಕಟ್ಟಿದ್ದು ಅದೇ ಮೊದಲು.

ತಂ. ಅಂದ್ರೆ ತಂಬೂರಿ. ಪೋಸ್ಟರ್‌ನಲ್ಲಿ ಐದು ಜನ, ಲೆಕ್ಕದಲ್ಲಿ ನಾಲ್ಕು. ಜನ ಎದ್ದು ಕುಣೀತಿದ್ದ ಆ ಹಾಡಿನ ಮಟ್ಟು ಅವನಪ್ಪನಿಂದ ಅವನಿಗೆ, ಅವನಿಂದ ಇವಳಿಗೆ ಬಂದಿದ್ದು, ರೆಕಾರ್ಡಿಂಗ್‌ನಲ್ಲಿ ಮಾತ್ರ "ಜಾನಪದ" ಅಂತ ಹಾಕಿ ಮುಗಿಸಿದ್ರು. ಸೋಲೋ ಹೋದೆ ಅಂತ ಗಂಟಲು ಕಟ್ಟಿದೆ ಅಂತ ಅವಳೂ ಅಂದ್ಕೊಂಡಿದ್ಲು, ನಾನೂ ಹಂಗೇ ಅಂದ್ಕೊಂಡು ಒಂದೂವರೆ ತಿಂಗಳು ಆ ದಾರೀಲೇ ಹೋಗಿದ್ದೆ.

ನಾನು ಹೇಳಿದ್ದು ಇಷ್ಟು. ಗೂಗಲ್ ಪೇ ಮಾಡಿ ಕೈ ತೊಳ್ಕೋಬೇಡಿ. ಬಸ್ ಹತ್ತಿ ಹೋಗಿ, ಬುಕ್ ತಗೊಂಡು ಹೋಗಿ, ಅವನ ಮುಂದೆ ಕೂತು ಓದಿ. ಕ್ಷಮಿಸು ಅಂತ ಅತ್ತು ಅವನ ಕೈಲೇ ಸಮಾಧಾನ ಮಾಡಿಸ್ಕೋಬೇಡಿ, ಅದು ಅವನಿಗೆ ಇನ್ನೊಂದು ಕೆಲಸ. ಬೈದ್ರೆ ಬೈಸ್ಕೊಂಡು ಬನ್ನಿ. ಬಾಕಿ ರೆಕಾರ್ಡಿಂಗ್‌ನ ಅಳಿಸೋದೂ ಬೇಡ, ಒಬ್ರೇ ಬಿಡುಗಡೆ ಮಾಡೋದೂ ಬೇಡ, ಐದು ಜನ ಏನಂತಾರೆ ಕೇಳಿ. ಹಕ್ಕಿನ ವಿಷಯಕ್ಕೆ ಒಬ್ಬ ವಕೀಲರನ್ನ ನೋಡಿ, ಷರೀಫರು ಹೋಗಿದ್ದು 1889ರಲ್ಲಿ, ನಮ್ ಕಾನೂನಲ್ಲಿ ಬರೆದವರು ಹೋದ್ಮೇಲೆ 60 ವರ್ಷ ಲೆಕ್ಕ, ಅವರ ಪದಕ್ಕೆ ಯಾರ ಅಪ್ಪಣೆನೂ ಬೇಡ, ಆದ್ರೆ ನೀವು ಕೂಡಿ ಕಟ್ಟಿದ ಸಂಗೀತ ಬೇರೆ ಮಾತು. ಗಂಟಲಿನ ವ್ಯಾಯಾಮ ಬಿಡ್ಬೇಡಿ, ದಿನಾ ಹತ್ತು ನಿಮಿಷ ಏನಾದ್ರೂ ಹಾಡಿ, ಮೊಬೈಲ್ ಬೇರೆ ರೂಮಲ್ಲಿಟ್ಟು.

ಹೋಗೋಕೆ ಧೈರ್ಯ ಬರೋಕೆ ಇನ್ನೊಂದು ತಿಂಗಳಾಯ್ತು. ಚಿಕ್ಕಲ್ಲೂರು ಜಾತ್ರೆ ಮುಗಿದ ವಾರ ಹೋದ್ಲು. ಅವನು ಹೊಲದಿಂದ ಬಂದು ಕೈಕಾಲು ತೊಳ್ಕೊಂಡು ಜಗುಲಿ ಮೇಲೆ ಕೂತು 31 ಸಾಲೂ ಕೇಳಿಸ್ಕೊಂಡನಂತೆ, ನಡುವೆ ಒಂದು ಕಡೆ "ಆ ಶೋಗೆ ಸಾವ್ರನೇ ಕೊಟ್ಟಿದ್ದು, ಸಾವ್ರದೈನೂರಲ್ಲ" ಅಂತ ತಿದ್ದಿದಾನೆ. ಆಮೇಲೆ ಹೇಳಿದ್ದು, "ಪದ ಧರೆಗೆ ದೊಡ್ಡೋರ್ದು ಕನಕ್ಕ, ನಂದಲ್ಲ. ಬಸ್ ಚಾರ್ಜು ಮಾತ್ರ ನಂದೇ ಅಲ್ವಾ?" ಧರೆಗೆ ದೊಡ್ಡೋರು ಅಂದ್ರೆ ಮಂಟೇಸ್ವಾಮಿ. ನಗ್ತಾ ಹೇಳಿದ್ನಾ, ಕೋಪದಲ್ಲಾ ಅಂತ ಕೇಳ್ದೆ. ಗೊತ್ತಾಗ್ಲಿಲ್ಲ ಮೇಡಂ ಅಂದ್ಲು. ಅವನಮ್ಮ ಊಟಕ್ಕೆ ಎಬ್ಬಿಸಿದ್ರಂತೆ, ಮುದ್ದೆ, ಅವರೆಕಾಳು ಸಾರು.

ಈಗ ತಿಂಗಳಿಗೊಂದ್ಸಲ ಬರ್ತಾಳೆ. ಹಾಡು ಪೂರ್ತಿ ಬಂದಿಲ್ಲ, ಮೇಲಿನ ಸ್ಥಾಯೀಲಿ ಇನ್ನೂ ಹಿಡ್ಕೊಳ್ಳುತ್ತೆ. ತಂಬೂರಿ ಹುಡುಗನ ಬಾಕಿನ ಐದು ಕಂತಲ್ಲಿ ಕೊಡ್ತಿದಾಳೆ, ಮೂರು ಆಗಿದೆ. ಅವರ ವಾಟ್ಸಾಪ್ ಗ್ರೂಪ್‌ನಿಂದ ಇಷ್ಟು ದಿನ ಯಾರೂ ಹೊರಗೆ ಹೋಗಿರ್ಲಿಲ್ಲ, ಕೊನೇ ಮೆಸೇಜು "ಸೌಂಡ್ ಚೆಕ್ 4ಕ್ಕೆ" ಅಂತ ಹಂಗೇ ಇತ್ತು. ಅದರ ಕೆಳಗೆ ಇವಳು ಲೆಕ್ಕದ ಪುಟದ ಫೋಟೋ ಹಾಕಿದ್ಲು. ಗಿಟಾರ್ ಹುಡುಗ ಅವತ್ತೇ ತನ್ನ ಪಾಲಿನ ಇಎಂಐ ಕಳಿಸ್ದ, ಬೇಸ್ ಹುಡುಗ ಮಾರನೇ ದಿನ ಕಳಿಸಿ ಗ್ರೂಪ್ ಹೆಸರನ್ನ "ಇಎಂಐ ಗೆಳೆಯರ ಬಳಗ" ಅಂತ ಬದಲಾಯಿಸಿದಾನೆ. ಡ್ರಮ್ಮರ್ ಇನ್ನೂ ರಿಪ್ಲೈ ಮಾಡಿಲ್ಲ, ಆದ್ರೆ ಗ್ರೂಪ್ ಬಿಟ್ಟೂ ಹೋಗಿಲ್ಲ.