ಚೀಗಾಂಗ್ ಪುಸ್ತಕ ನೋಡಿ ಮಗನಿಗೆ ಮಸಾಜ್ ಮಾಡಬಹುದಾ?

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಐದು ವರ್ಷ. ಆಟಿಸಂ ಇದೆ ಎಂದು ಹೋದ ವರ್ಷ ಗೊತ್ತಾಯಿತು. ನಾಲ್ಕೈದು ಪದ ಬಿಟ್ಟರೆ ಮಾತಿಲ್ಲ. ಸ್ಪೀಚ್ ಥೆರಪಿಗೆ ಬಸ್ಸಿನಲ್ಲಿ ಕೊಪ್ಪಳಕ್ಕೆ ಕರೆದುಕೊಂಡು ಹೋಗುತ್ತೇನೆ. ಬೆಂಗಳೂರಿನಲ್ಲಿ ಕುಂಗ್ ಫು ಕಲಿಯುವ ನನ್ನ ಮೈದುನ ಎರಡು ಪುಸ್ತಕ ತಂದುಕೊಟ್ಟಿದ್ದಾನೆ. ಒಂದರಲ್ಲಿ ಮಕ್ಕಳಿಗೆ ಮಾಡುವ ಚೀಗಾಂಗ್ ಮಸಾಜ್ ಇದೆ. ಇನ್ನೊಂದರಲ್ಲಿ, ತಾಯಿಯ ಸಿಟ್ಟು ದುಃಖದಿಂದ ಮಗುವಿನ ಶಕ್ತಿ ಕಟ್ಟಿಕೊಳ್ಳುತ್ತದೆ, ದೂರದಿಂದ ಕೈಯಾಡಿಸಿದರೆ ಆಟಿಸಂ ವಾಸಿಯಾಗುತ್ತದೆ ಎಂದಿದೆ. ಥೆರಪಿ ಬಿಡಿಸಿ ಇದನ್ನೇ ಮಾಡೋಣ ಅಂತಾರೆ ಮನೆಯವರು. ಏನು ಮಾಡಲಿ?
— ಹೆಸರು ಬೇಡ, ಗಂಗಾವತಿ

ಉತ್ತರ: ತಂಗಿ, ಮೊದಲು ಆ ಎರಡನೇ ಪುಸ್ತಕವನ್ನು ಮೈದುನನಿಗೆ ವಾಪಸ್ ಕೊಡಿ. ತಾಯಿಯ ಸಿಟ್ಟಿನಿಂದ, ಅಳುವಿನಿಂದ ಆಟಿಸಂ ಬರುವುದಿಲ್ಲ. ಈ ಆರೋಪ ತುಂಬಾ ಹಳೆಯದು. 1943ರಲ್ಲಿ ಅಮೆರಿಕದ ಲಿಯೋ ಕಾನರ್ ಆಟಿಸಂ ಬಗ್ಗೆ ವಿವರವಾಗಿ ಬರೆದರು. ಆಮೇಲೆ ಎಷ್ಟೋ ವರ್ಷ ಅಲ್ಲಿನ ಹೆಸರಾಂತ ತಜ್ಞರೇ 'ಫ್ರಿಜ್ಜಿನಂಥ ತಾಯಂದಿರು', ಅಂದರೆ ಪ್ರೀತಿಯ ಬಿಸಿಯಿಲ್ಲದವರು, ಎಂದು ಹೆತ್ತವಳನ್ನೇ ದೂರಿದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಇದನ್ನು ಪ್ರಶ್ನಿಸಿ ಪುಸ್ತಕ ಬರೆದರು. ಅವರು ಮನಃಶಾಸ್ತ್ರಜ್ಞರು, ಆಟಿಸಂ ಇದ್ದ ಹುಡುಗನ ತಂದೆ ಕೂಡ. ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಪಟ್ಟದ್ದು, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು ಎಂದು ಈಗ ಗೊತ್ತಿದೆ. ಬಿದ್ದುಹೋದ ಆ ಆರೋಪವೇ 'ಶಕ್ತಿ' ಎಂಬ ಹೆಸರಿನಲ್ಲಿ ನಿಮ್ಮ ಮನೆಗೆ ಬಂದಿದೆ. ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವ ತಾಯಿಗೆ ಇಂಥ ಮಾತು ಓದಿಸುವುದು ಅನ್ಯಾಯ.

ಮಸಾಜಿನ ಪುಸ್ತಕದ ವಿಷಯ ಬೇರೆ. ಚೀಗಾಂಗ್ ಚೀನಾದ್ದು. ಉಸಿರಾಟ, ನಿಧಾನದ ಚಲನೆ, ಗಮನ ಮೂರೂ ಕೂಡಿದ ಅಭ್ಯಾಸ. ಕುಂಗ್ ಫು, ತೈ ಚಿ ಕಲಿಯುವವರೂ ಮಾಡುತ್ತಾರೆ. ಅದರಿಂದ ಆಟಿಸಂ ಮಕ್ಕಳಿಗೆ ಒಂದು ಮಸಾಜ್ ರೂಪಿಸಿದವರು ಅಮೆರಿಕದ ಒರೆಗಾನ್‌ನ ವೈದ್ಯೆ ಲೂಯಿಸಾ ಸಿಲ್ವಾ. ತಂದೆ ತಾಯಿಯೇ ದಿನಾ 15 ನಿಮಿಷ ಮಾಡುವಂಥದ್ದು. ಮುಟ್ಟಿದರೆ ಆಗುವ ಕಿರಿಕಿರಿ ಕಡಿಮೆಯಾಯಿತು, ಹೆತ್ತವರ ಒತ್ತಡವೂ ಇಳಿಯಿತು ಎಂದು ಅವರ ಅಧ್ಯಯನಗಳು ಹೇಳುತ್ತವೆ. ಆದರೆ ಅವು ಸಣ್ಣ ಅಧ್ಯಯನಗಳು. ಕೆಲಸ ಮಾಡಿದ್ದು 'ಚೀ' ಎಂಬ ಶಕ್ತಿಯೇ ಎಂದು ಅವುಗಳಿಂದ ಸಾಬೀತಾಗುವುದಿಲ್ಲ. ನನ್ನ ಪ್ರಕಾರ ಕೆಲಸ ಮಾಡುವುದು ಸ್ಪರ್ಶ.

ನನ್ನ ಮಗನಿಗೂ ಆಟಿಸಂ. ಚಿಕ್ಕವನಿದ್ದಾಗ ಮೆಲ್ಲಗೆ ಸವರಿದರೆ ಕೈ ಕಿತ್ತುಕೊಳ್ಳುತ್ತಿದ್ದ. ಅಂಗೈಯಿಂದ ಗಟ್ಟಿಯಾಗಿ ಒತ್ತಿದರೆ ಆರಾಮಾಗಿ ಕೂರುತ್ತಿದ್ದ. ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ ಭುಜದಿಂದ ಬೆರಳಿನವರೆಗೆ ಒತ್ತುತ್ತಾ ಬರುತ್ತಿದ್ದೆ. ಕಿವಿಯ ಹತ್ತಿರ ಹೋದರೆ ತಲೆ ಸರಿಸುತ್ತಿದ್ದ. ಅಲ್ಲಿಗೆ ಕೈ ತೆಗೆಯುತ್ತಿದ್ದೆ. ಎಡಗೈ ಮುಗಿದ ಮೇಲೆ 'ಇನ್ನೂ ಬೇಕಾ?' ಎಂದು ಕೇಳಿ ಸುಮ್ನೆ ಕಾಯುತ್ತಿದ್ದೆ. ಅವನು ಬಲಗೈ ಚಾಚುತ್ತಿದ್ದ. ಕೇಳುವುದು, ಕಾಯುವುದು, ಉತ್ತರ ಕೊಡುವುದು, ಎಲ್ಲಾ ಅಲ್ಲೇ ನಡೆಯುತ್ತಿತ್ತು. ಸ್ಪೀಚ್ ಥೆರಪಿಯಲ್ಲಿ ಮಾಡಿಸುವುದೂ ಇದನ್ನೇ ಅಲ್ವಾ?

ಟೆಂಪಲ್ ಗ್ರ್ಯಾಂಡಿನ್ ಎಂಬ ಅಮೆರಿಕದ ವಿಜ್ಞಾನಿಗೂ ಆಟಿಸಂ. ಯಾರಾದರೂ ಅಪ್ಪಿಕೊಂಡರೆ ಅವರಿಗೆ ತಡೆಯಲು ಆಗುತ್ತಿರಲಿಲ್ಲ. ದನಗಳನ್ನು ಅಲುಗಾಡದಂತೆ ನಿಲ್ಲಿಸುವ ಚೌಕಟ್ಟು ನೋಡಿ, ತಮ್ಮ ಮೈ ಒತ್ತಿಕೊಳ್ಳಲು ಒಂದು ಯಂತ್ರ ಮಾಡಿಕೊಂಡರು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಅವರ ಕೈಯಲ್ಲೇ ಇತ್ತು. ನಿಮ್ಮ ಮಗನಿಗೂ ಆ ಅಧಿಕಾರ ಸಿಗಬೇಕು. ಪುಸ್ತಕದಲ್ಲಿ ಇನ್ನೂ ಹತ್ತು ಹೆಜ್ಜೆ ಉಳಿದಿರಲಿ, ಅವನು ಕೈ ದೂಡಿದರೆ ಆವತ್ತಿಗೆ ಮುಗಿಯಿತು. ಫಿಟ್ಸ್ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಥೆರಪಿ ಮಾತ್ರ ಬಿಡಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿ ಖರ್ಚಿಗೂ ಅದರಲ್ಲಿ ಜಾಗವಿದೆ.

ಮೈದುನನ ಮೇಲೆ ಸಿಟ್ಟಾಗಬೇಡಿ. ಅಣ್ಣನ ಮಗನ ಮೇಲಿನ ಪ್ರೀತಿಯಿಂದಲೇ ತಂದಿದ್ದಾನೆ. ಮುಂದಿನ ಸಲ ಊರಿಗೆ ಬಂದಾಗ ಅವನೂ ನಿಮ್ಮ ಮನೆಯವರೂ ಸೇರಿ ಮಗುವನ್ನು ಥೆರಪಿಗೆ ಕರೆದುಕೊಂಡು ಹೋಗಲಿ. ಒಳಗೆ ಕೂತು ನೋಡಿ, ಮನೆಯಲ್ಲಿ ಏನು ಮಾಡಿಸಬೇಕು ಎಂದು ಕೇಳಿಕೊಂಡು ಬರಲಿ.