ಹಾಡು ಉಳಿಯೋಕೆ ಮನೆಯೂ ಬೇಕು

ಮೈಸೂರಿನ ಸಂಗೀತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ಟರ್ಕಿಯ ಇಸ್ತಾಂಬುಲ್‌ನಲ್ಲಿ ರೋಮಾ (ಜಿಪ್ಸಿ ಅಂತಲೂ ಕರೆಯುವ) ಜನರ ಸುಲುಕುಲೆ ಕೇರಿ ಕೆಡವಿದ್ದನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ಶಿಥಿಲವಾದ ಮನೆಗಳು ಹೋದರೇನು? ಅವರ ಸಂಗೀತವನ್ನು ರೆಕಾರ್ಡ್ ಮಾಡಿ ಇಟ್ಟರೆ ಸಾಲದೇ?’

ನಮಸ್ಕಾರ ಮೇಡಂ. ನೀವು ಪಾಠ ಹೇಳುವವರು, ಅದಕ್ಕೇ ತಾಳದಿಂದ ಶುರು ಮಾಡುತ್ತೇನೆ. ತೊಡೆ ತಟ್ಟುತ್ತಾ ‘ತಕದಿಮಿ ತಕತಕಿಟ’ ಅನ್ನಿ. ನಮ್ಮ ಕರ್ನಾಟಕ ಸಂಗೀತದ ಸಂಕೀರ್ಣ ಜಾತಿಯ ಒಂಬತ್ತು ಎಣಿಕೆ. ರೋಮಾ ಜನರ ಕುಣಿತದ ಹಾಡಿಗೂ ಅದೇ ಒಂಬತ್ತು: ಎರಡು, ಎರಡು, ಎರಡು, ಮೂರು. ಇದನ್ನು ಸುಲುಕುಲೆಯ ಮಕ್ಕಳು ಶಾಲೆಗೆ ಹೋಗಿ ಕಲಿತದ್ದಲ್ಲ. ಹಳೇ ಕೋಟೆಗೋಡೆಯ ಪಕ್ಕ ಪುಟ್ಟ ಪುಟ್ಟ ಮನೆಗಳು. ಊಟಕ್ಕೆ, ಹಾಡು-ಕುಣಿತಕ್ಕೆ ಅಂತ ಜನ ಆ ಮನೆಗಳಿಗೇ ಬರುತ್ತಿದ್ದರು. ಒಬ್ಬ ಕ್ಲಾರಿನೆಟ್ ಊದುತ್ತಿದ್ದ, ಇನ್ನೊಬ್ಬ ಹೂಜಿಯಂಥ ದರ್ಬುಕ ಬಾರಿಸುತ್ತಿದ್ದ. ಮೂಲೆಯಲ್ಲಿ ಕೂತ ಮಗುವಿಗೆ ಅದೇ ಪಾಠ. ಮನೆಮಂದಿಗೆಲ್ಲ ಅದೇ ಅನ್ನ.

ಶಿಥಿಲ ಅಂದಿರಲ್ಲ, ಅದು ಸುಮ್ನೆ ಆದದ್ದಲ್ಲ. 1990ರ ದಶಕದ ಆರಂಭದಲ್ಲಿ ಆ ಮನರಂಜನೆ ಮನೆಗಳನ್ನು ಮುಚ್ಚಿಸಿದರು. ದುಡಿಮೆ ನಿಂತ ಮನೆಗೆ ಸುಣ್ಣ ಬಳಿಯುವವರು ಯಾರು? ಮೊದಲು ಅನ್ನ ಕಿತ್ತುಕೊಂಡು, ಆಮೇಲೆ ‘ನಿಮ್ಮ ಗೋಡೆ ಬೀಳುತ್ತಿದೆ’ ಅನ್ನುವುದು ನನಗೆ ಸಹಿಸಲಾಗದ ಮಾತು. 2005ರಲ್ಲಿ ಹಳೇ ಬಡಾವಣೆಗಳ ನವೀಕರಣದ ಕಾನೂನು ಬಂತು. ಅದರಡಿ 2008-09ರ ಹೊತ್ತಿಗೆ ಕೇರಿ ನೆಲಸಮವಾಯಿತು. ಪಕ್ಕದ ಕೋಟೆಗೋಡೆ 1985ರಿಂದಲೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಅದರ ಬುಡದಲ್ಲಿ ಬಾಳಿದ ಜನ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಬಾಡಿಗೆಯವರಿಗೆ ಸುಮಾರು 40 ಕಿ.ಮೀ. ದೂರದ ತಾಶೊಲುಕ್‌ನಲ್ಲಿ ಕಂತಿನ ಮೇಲೆ ಫ್ಲ್ಯಾಟ್ ಕೊಟ್ಟರು. ರಾತ್ರಿ ನುಡಿಸಿ ಬದುಕುವವರು ಅಲ್ಲಿಂದ ಪೇಟೆಗೆ ಬರುವುದು ಹೇಗೆ, ಕಂತು ಕಟ್ಟುವುದು ಹೇಗೆ? ಹೆಚ್ಚಿನವರು ವಾಪಸ್ ಬಂದು ಹಳೇ ಕೇರಿಯ ಸುತ್ತಮುತ್ತಲೇ ಬಾಡಿಗೆಗೆ ಕೂತರು. 2012ರಲ್ಲಿ ನ್ಯಾಯಾಲಯ ಆ ಯೋಜನೆಯನ್ನೇ ರದ್ದು ಮಾಡಿತು. ಅಷ್ಟೊತ್ತಿಗೆ ಹೊಸ ಮನೆಗಳು ಎದ್ದು ನಿಂತಿದ್ದವು.

ರೆಕಾರ್ಡಿಂಗ್ ಬೇಕು, ಖಂಡಿತ ಬೇಕು. ಆದರೆ ನಿಮ್ಮ ಶಿಷ್ಯೆ ತಾಳ ತಪ್ಪಿದರೆ ಪಕ್ಕದಲ್ಲಿ ಕೂತು ತಿದ್ದುವವರು ನೀವೇ ಅಲ್ವಾ? ಕ್ಲಾರಿನೆಟ್ ಊದುವ ಅಪ್ಪನಿಗೆ ಊರೊಳಗೆ ಒಂದು ಮನೆ, ನುಡಿಸೋಕೆ ಒಂದು ಜಾಗ, ಕೈಗೆ ನಾಲ್ಕು ಕಾಸು ಸಿಕ್ಕರೆ ಮಗನ ಕೈಗೂ ಆ ಒಂಬತ್ತು ಬರುತ್ತದೆ. ನಾನು ಕೇಳುತ್ತಿರುವುದು ಇಷ್ಟೇ.

ಒಂದು ಮಾತು ಬಿಟ್ಟಿದ್ದೆ. ಅದೇ ಕೇರಿಯ ಹುಡುಗರು ‘ತಹ್ರಿಬಾದ್-ಇ ಇಸ್ಯಾನ್’ ಅಂತ ರ್‍ಯಾಪ್ ತಂಡ ಕಟ್ಟಿದರು. ಬುಲ್ಡೋಜರ್ ಕೆಡವಿದ ಓಣಿಗಳ ಸಿಟ್ಟನ್ನು ಟರ್ಕಿ ಭಾಷೆಯಲ್ಲಿ ಹಾಡಿದರು. ಕ್ಲಾಸಿನ ದೊಡ್ಡ ಮಕ್ಕಳಿಗೆ ಅದನ್ನೂ ಕೇಳಿಸಿ ನೋಡಿ, ಮೇಡಂ.

– ಸಂಪಾದಕ