ಕುಷ್ಠರೋಗಿಗಳಿಂದ ಶುರುವಾಗುವ ಉಯಿಲು

ಓದುಗರೊಬ್ಬರ ಪತ್ರ: ‘ಶಾಲೆಯಲ್ಲಿ ದಿನಾ ಶಾಂತಿಯ ಪ್ರಾರ್ಥನೆ ಹೇಳುತ್ತಿದ್ದೆವು. ಅದು ಅಸ್ಸಿಸಿಯ ಸಂತ ಫ್ರಾನ್ಸಿಸರದ್ದು ಅಲ್ಲವಂತೆ. ಹಾಗಾದರೆ ತೋಳದ ಕಥೆ? ಅವರ ನಿಜವಾದ ಬದುಕನ್ನು ತಿಳಿಯುವುದು ಹೇಗೆ?’

ಸಂಪಾದಕರ ಉತ್ತರ: ನೀವು ಕೇಳಿದ್ದು ನಿಜ. ಆ ಪ್ರಾರ್ಥನೆ ಮೊದಲು ಅಚ್ಚಾದದ್ದು 1912ರಲ್ಲಿ, ಪ್ಯಾರಿಸ್ಸಿನ ಒಂದು ಸಣ್ಣ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಆದರೂ ನೀವು ಚಿಕ್ಕಂದಿನಲ್ಲಿ ಮನಸ್ಸಿಟ್ಟು ಹೇಳಿದ್ದು ಸುಳ್ಳಾಗುವುದಿಲ್ಲ, ಬೇಸರ ಬೇಡ. ಇಟಲಿಯ ಗುಬ್ಬಿಯೊ ಊರನ್ನು ಕಾಡುತ್ತಿದ್ದ ತೋಳವನ್ನು ಅವರು ಪಳಗಿಸಿದರು ಅನ್ನುವ ಕಥೆ ಸಿಗುವುದೂ 14ನೇ ಶತಮಾನದ ಸಂಗ್ರಹದಲ್ಲಿ.

ನನ್ನನ್ನು ಕೇಳಿದರೆ, ಮೊದಲು ಅವರ ಉಯಿಲನ್ನು ಓದಿ. ಸಾಯುವ ವರ್ಷ ಅವರೇ ಹೇಳಿ ಬರೆಸಿದ್ದು. ಒಂದೆರಡು ಪುಟ, ಅಷ್ಟೇ. ಹಕ್ಕಿಗಳಿಗೆ ಉಪದೇಶ ಮಾಡಿದ್ದು ಅದರಲ್ಲಿಲ್ಲ. ಬಟ್ಟೆ ವ್ಯಾಪಾರಿ ಅಪ್ಪನ ಜೊತೆ ಜಗಳವಾಡಿದ್ದೂ ಇಲ್ಲ. ಮೈಮೇಲೆ ಯೇಸುವಿನ ಗಾಯಗಳು ಮೂಡಿದವು ಅಂತಾರಲ್ಲ, ಅದರ ಸುದ್ದಿಯೂ ಇಲ್ಲ. ಶುರುವಾಗುವುದೇ ಕುಷ್ಠರೋಗಿಗಳಿಂದ. ಅವರನ್ನು ನೋಡುವುದೇ ನನಗೆ ಕಹಿಯಾಗಿತ್ತು ಅನ್ನುತ್ತಾರೆ. ದೇವರೇ ನನ್ನನ್ನು ಅವರ ನಡುವೆ ಕರೆದುಕೊಂಡು ಹೋದ, ಆಮೇಲೆ ಆ ಕಹಿಯೇ ಸಿಹಿಯಾಯಿತು ಅನ್ನುತ್ತಾರೆ. ತಮ್ಮ ಬದುಕು ಎಲ್ಲಿ ತಿರುಗಿತು ಅಂತ ಅವರೇ ತೋರಿಸಿದ ಜಾಗ ಇದು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ಚರಿತ್ರೆಗಳನ್ನು ಆಮೇಲೆ ಓದಿ, ಯಾರು ಯಾವಾಗ ಬರೆದದ್ದು ಅಂತ ನೋಡಿಕೊಂಡು. 1228ರಲ್ಲಿ ಸಂತಪದವಿ ಸಿಕ್ಕಾಗ ಪೋಪರ ಮಾತಿನಂತೆ, ಫ್ರಾನ್ಸಿಸರು ಕಟ್ಟಿದ ಸನ್ಯಾಸಿ ಸಭೆಯ ಚೆಲಾನೊದ ಥಾಮಸ್ ಮೊದಲ ಚರಿತ್ರೆ ಬರೆದರು. ಅದರಲ್ಲಿ ಫ್ರಾನ್ಸಿಸ್ ಹಾಳಾದ ಹುಡುಗ, ಕೆಡಿಸಿದವರು ಹೆತ್ತವರು. ಸುಮಾರು 20 ವರ್ಷದ ನಂತರ ಅದೇ ಥಾಮಸ್ ಮತ್ತೊಂದು ಚರಿತ್ರೆ ಬರೆದಾಗ ತಾಯಿ ಪುಣ್ಯವಂತೆಯಾಗಿದ್ದಳು! 1266ರಲ್ಲಂತೂ ಆ ಫ್ರಾನ್ಸಿಸ್ಕನ್ ಸಭೆ ತನ್ನ ಮುಖ್ಯಸ್ಥ ಬೊನವೆಂತುರಾ ಬರೆದದ್ದನ್ನು ಮಾತ್ರ ಇಟ್ಟುಕೊಂಡು, ಹಳೆಯವನ್ನೆಲ್ಲ ನಾಶಮಾಡಿ ಅಂತ ಅಪ್ಪಣೆ ಮಾಡಿತು. ಬೇರೆ ಪಂಥಗಳ ಮಠಗಳಲ್ಲಿ ಪ್ರತಿಗಳಿದ್ದದ್ದರಿಂದ ಥಾಮಸರ ಬರಹ ನಮಗೆ ಉಳಿಯಿತು.

ಹೊರಗಿನ ಸಾಕ್ಷಿಯೂ ಇದೆ. 1219ರಲ್ಲಿ ಧರ್ಮಯುದ್ಧದ (ಕ್ರುಸೇಡ್) ನಡುವೆ ಫ್ರಾನ್ಸಿಸರು ಈಜಿಪ್ಟಿನ ಸುಲ್ತಾನ ಅಲ್ ಕಾಮಿಲ್ ಬಳಿಗೆ ಹೋದದ್ದನ್ನು, ಆಗ ಅಲ್ಲೇ ಇದ್ದ ಬಿಷಪ್ ವಿಟ್ರಿಯ ಜಾಕ್ ಮರುವರ್ಷವೇ ಪತ್ರದಲ್ಲಿ ಬರೆದಿದ್ದಾರೆ.

ಎಂದಾದರೂ ಅಸ್ಸಿಸಿಗೆ ಹೋದರೆ ಅಂಗೈಯಗಲದ ಒಂದು ತೊಗಲಿನ ಹಾಳೆಯನ್ನು ನೋಡಿ. ಅದರಲ್ಲಿರುವುದು ಜೊತೆಗಾರ ಲಿಯೋಗೆ ಫ್ರಾನ್ಸಿಸರು ಬರೆದುಕೊಟ್ಟ ಆಶೀರ್ವಾದ. ಮಡಿಸಿಟ್ಟುಕೊಂಡ ಗುರುತು ಈಗಲೂ ಕಾಣುತ್ತದೆ. ಪಕ್ಕದಲ್ಲಿ ಲಿಯೋ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ಇದನ್ನು ನನಗಾಗಿ ಅವರು ತಮ್ಮ ಕೈಯಾರೆ ಬರೆದರು, ಅಂತ.